ಟಾರ್.ಜಿಜೆಡ್ ಬಿಚ್ಚೋದು ಹೇಗೆ? ಹೆಸರು ಬದಲಿಸಿದರೆ ಸಾಕಾ?

ಪ್ರಶ್ನೆ: ಸರ್, ಪ್ರಾಜೆಕ್ಟ್ ಫೈಲನ್ನ ಟಾರ್.ಜಿಜೆಡ್ ಮಾಡಿ ಕಳಿಸಿದ್ದಾರೆ. ಕಮಾಂಡ್ ಲೈನ್‌ನಲ್ಲಿ ಬಿಚ್ಚೋದು ಹೇಗೆ? ಹೆಸರನ್ನ ಡಾಟ್ ಜಿಪ್ ಅಂತ ಬದಲಿಸಿ ನೋಡಿದೆ, ಆದರೂ ತೆರೆಯಲಿಲ್ಲ.

ಉತ್ತರ: ತುಮಕೂರಿನ ಕಾಲೇಜುಗಳಲ್ಲಿ ಲ್ಯಾಬ್ ಶುರುವಾಯಿತು ಅಂತ ನನಗೆ ಗೊತ್ತಾಗುವುದೇ ಈ ಪ್ರಶ್ನೆಯಿಂದ. ಮೊದಲು ಕೆಲಸ ಮುಗಿಸೋಣ. ಹಲವು ಫೈಲುಗಳನ್ನು ಟಾರ್ ಒಂದೇ ಗಂಟು (ಆರ್ಕೈವ್) ಕಟ್ಟುತ್ತದೆ, ಜಿಜಿಪ್ ಅದನ್ನು ಕುಗ್ಗಿಸುತ್ತದೆ (ಕಂಪ್ರೆಷನ್), ಹಾಗೆ ಆದದ್ದೇ ಟಾರ್.ಜಿಜೆಡ್. ಕಮಾಂಡ್‌ಗಳನ್ನು ಓದುವ ಹಾಗೆ ಬರೆದಿದ್ದೇನೆ, ನೀವು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ.

ಟಾರ್ -ಎಕ್ಸ್‌ಎಫ್ ಪ್ರಾಜೆಕ್ಟ್.ಟಾರ್.ಜಿಜೆಡ್

ಅಷ್ಟೇ. ಜಿಜೆಡ್‌ಗೆ ಜೆಡ್ ಸೇರಿಸಬೇಕು, ಬಿಜೆಡ್2 ಎಂಬ ಇನ್ನೊಂದು ಕಂಪ್ರೆಷನ್ ಆದರೆ ಜೆ ಸೇರಿಸಬೇಕು ಅಂತ ಬಾಯಿಪಾಠ ಮಾಡುವ ಕಾಲ ಹೋಯಿತು. ಲಿನಕ್ಸ್‌ನ ಟಾರ್ ಯಾವ ಕಂಪ್ರೆಷನ್ ಅಂತ ತಾನೇ ಕಂಡುಹಿಡಿಯುತ್ತದೆ. ವಿಂಡೋಸ್ 10ರಲ್ಲೂ 2018ರಿಂದ ಟಾರ್ ಜೊತೆಗೇ ಬರುತ್ತದೆ, ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದೇ ಸಾಲು ನಡೆಯುತ್ತದೆ. ಅದು ಜಿಪ್ ಫೈಲನ್ನೂ ಬಿಚ್ಚುತ್ತದೆ. ಲಿನಕ್ಸ್‌ನ ಟಾರ್‌ಗೆ ಜಿಪ್ ಬರಲ್ಲ, ಅಲ್ಲಿ ಅನ್‌ಜಿಪ್ ಎಂಬ ಕಮಾಂಡ್ ಬಳಸಿ.

ಬಿಚ್ಚುವ ಮುಂಚೆ ಎಕ್ಸ್ ಬದಲು ಟಿ ಹಾಕಿ ಒಳಗೆ ಏನಿದೆ ಅಂತ ನೋಡಿಕೊಳ್ಳಿ. ಕೆಲವರು ಫೋಲ್ಡರ್ ಮಾಡದೆ ಹಾಗೇ ಪ್ಯಾಕ್ ಮಾಡಿರುತ್ತಾರೆ. ಆಗ ನೂರಾರು ಫೈಲು ನೀವು ನಿಂತಿರುವ ಫೋಲ್ಡರ್ ತುಂಬಾ ಚೆಲ್ಲಿಕೊಳ್ಳುತ್ತವೆ. ಹೌದು, ನೀವು ನಿಂತಿರುವ ಫೋಲ್ಡರ್. ಆರ್ಕೈವ್ ಇರುವ ಫೋಲ್ಡರ್ ಅಲ್ಲ. ಬೇರೆ ಕಡೆ ಬೇಕಿದ್ದರೆ ಕೊನೆಯಲ್ಲಿ -ಸಿ, ಇದೊಂದು ಮಾತ್ರ ದೊಡ್ಡ ಅಕ್ಷರ, ಆಮೇಲೆ ಮೊದಲೇ ಮಾಡಿಟ್ಟ ಫೋಲ್ಡರ್ ಹೆಸರು.

ಈಗ ಹೆಸರು ಬದಲಿಸುವ ವಿಷಯಕ್ಕೆ ಬರೋಣ. ಎಷ್ಟು ಸಲ ಹೇಳಿದರೂ ಹೋಗದ ನಂಬಿಕೆ ಇದು. ತಿಪಟೂರು ಕೊಬ್ಬರಿ ಚೀಲದ ಮೇಲೆ ರಾಗಿ ಅಂತ ಬರೆದರೆ ಒಳಗಿನ ಕೊಬ್ಬರಿ ರಾಗಿ ಆಗುತ್ತಾ? ಫೈಲ್ ಯಾವ ಜಾತಿ ಅನ್ನೋದು ಹೆಸರಿನಲ್ಲಿಲ್ಲ, ಅದರ ಮೊದಲ ಬೈಟ್‌ಗಳಲ್ಲಿದೆ. ಸಾಮಾನ್ಯವಾಗಿ ಜಿಪ್ ಫೈಲ್ ಪಿ, ಕೆ ಎಂಬ ಎರಡು ಅಕ್ಷರಗಳಿಂದ ಶುರುವಾಗುತ್ತದೆ. ಜಿಪ್ ರೂಪಿಸಿದ ಫಿಲ್ ಕಾಟ್ಜ್ ಅವರ ಇನಿಷಿಯಲ್ ಅದು, 1989ರಿಂದ ಹಾಗೇ ಇದೆ. ಜಿಜಿಪ್ ಫೈಲ್ ಬೇರೆಯೇ ಎರಡು ಬೈಟ್‌ಗಳಿಂದ ಶುರುವಾಗುತ್ತದೆ. ನೀವು ಹೆಸರು ಬದಲಿಸಿದಾಗ ಒಳಗಿನ ಒಂದು ಬೈಟೂ ಅಲುಗುವುದಿಲ್ಲ.

ಹಾಗಾದರೆ ಈ ನಂಬಿಕೆ ಬದುಕಿರೋದು ಯಾಕೆ? ಕೆಲವು ಸಲ ಅದು ಕೆಲಸ ಮಾಡಿದ ಹಾಗೆ ಕಾಣುತ್ತದೆ, ಅದಕ್ಕೆ. ವರ್ಡ್‌ನ ಡಾಕ್ಸ್ ಫೈಲನ್ನು ಡಾಟ್ ಜಿಪ್ ಅಂತ ಬದಲಿಸಿ, ತೆರೆಯುತ್ತದೆ! ಆಂಡ್ರಾಯ್ಡ್ ಫೋನಿನ ಆ್ಯಪ್ ಫೈಲ್ ಎಪಿಕೆ ಕೂಡ ತೆರೆಯುತ್ತದೆ. ಇದು ನಿಮ್ಮ ಕೈಚಳಕವಲ್ಲ. ಅವು ಹುಟ್ಟಿದಾಗಿನಿಂದಲೂ ಜಿಪ್ಪೇ, ಹೆಸರು ಮಾತ್ರ ಬೇರೆ ಇತ್ತು. ಇನ್ನೊಂದು ಕಾರಣ ವಿನ್‌ರಾರ್ ಎಂಬ ಆರ್ಕೈವ್ ತೆರೆಯುವ ಪ್ರೋಗ್ರಾಂ. ಅದು ಹೆಸರನ್ನು ನಂಬಿ ಕೂರದೆ ಒಳಗೆ ನೋಡಿ ತೆರೆಯುತ್ತದೆ. ನೀವು ತಪ್ಪು ಹೆಸರು ಇಟ್ಟರೂ ಅದು ಸುಮ್ನೆ ಕೆಲಸ ಮಾಡಿಕೊಡುತ್ತದೆ, ಹೆಸರು ಬದಲಿಸಿದ್ದಕ್ಕೇ ಆಯಿತು ಅಂತ ನೀವು ಅಂದುಕೊಳ್ಳುತ್ತೀರಿ. ಅನ್‌ಜಿಪ್ ಹತ್ತಿರ ಈ ಆಟ ನಡೆಯಲ್ಲ. 'ಎಂಡ್ ಆಫ್ ಸೆಂಟ್ರಲ್ ಡೈರೆಕ್ಟರಿ ಸಿಗ್ನೇಚರ್ ನಾಟ್ ಫೌಂಡ್' ಅಂತ ಬೈದು ಕಳಿಸುತ್ತದೆ. ಜಿಪ್‌ನಲ್ಲಿ ಒಳಗಿನ ಫೈಲುಗಳ ಪಟ್ಟಿ ಇರೋದು ಕೊನೆಯಲ್ಲಿ. ಅದು ಸಿಗಲಿಲ್ಲ ಅಂತ ಅರ್ಥ. ಅರ್ಧಕ್ಕೆ ನಿಂತ ಡೌನ್‌ಲೋಡಿಗೂ ಇದೇ ಬೈಗುಳ. ಟಾರ್‌ನಲ್ಲಿ ಅಂಥ ಪಟ್ಟಿ ಇಲ್ಲ, ಅರ್ಧ ಬಂದ ಫೈಲಿನಿಂದಲೂ ಮೊದಲಿನ ಒಂದಷ್ಟು ಫೈಲು ಈಚೆ ಬಂದಿರುತ್ತವೆ.

ಹೆಸರು ನೋಡುವವನೂ ಒಬ್ಬನಿದ್ದಾನೆ, ಜಿಜಿಪ್ ಫೈಲ್ ಬಿಚ್ಚುವ ಗನ್‌ಜಿಪ್ ಕಮಾಂಡ್. ಕೊನೆಯಲ್ಲಿ ಜಿಜೆಡ್ ಥರದ ಗುರುತು ಇಲ್ಲದಿದ್ದರೆ ಮುಟ್ಟುವುದೇ ಇಲ್ಲ. ಇದ್ದರೆ ಬಿಚ್ಚಿ, ಮೂಲ ಫೈಲನ್ನು ಅಳಿಸಿಬಿಡುತ್ತದೆ. ಉಳಿಯಬೇಕು ಅಂದರೆ -ಕೆ ಹಾಕಿ.

ಅನುಮಾನ ಇದ್ದರೆ ಲಿನಕ್ಸ್‌ನಲ್ಲಿ ಫೈಲ್ ಅನ್ನುವ ಕಮಾಂಡ್ ಕೊಟ್ಟು, ಮುಂದೆ ಫೈಲಿನ ಹೆಸರು ಹಾಕಿ. ಒಳಗೆ ನೋಡಿ ನಿಜ ಹೇಳುತ್ತದೆ. ಜಾಸ್ತಿ ಸಲ ಬರುವ ಉತ್ತರ ಕೇಳಿದರೆ ನಗು ಬರುತ್ತೆ: ಎಚ್‌ಟಿಎಂಎಲ್ ಡಾಕ್ಯುಮೆಂಟ್. ಅಂದರೆ ನೀವು ಆರ್ಕೈವ್ ಇಳಿಸಿಯೇ ಇಲ್ಲ, ಲಾಗಿನ್ ಪುಟವನ್ನು ಟಾರ್.ಜಿಜೆಡ್ ಹೆಸರಿನಲ್ಲಿ ಉಳಿಸಿಕೊಂಡಿದ್ದೀರಿ. 'ನಾಟ್ ಇನ್ ಜಿಜಿಪ್ ಫಾರ್ಮ್ಯಾಟ್' ಅಂತ ಟಾರ್ ಅತ್ತರೆ ಮೊದಲು ಇದನ್ನೇ ನೋಡಿ, ಲಾಗಿನ್ ಆಗಿ ಮತ್ತೆ ಇಳಿಸಿಕೊಳ್ಳಿ.

ಇದರ ಜೊತೆಗೇ ಇನ್ನೊಂದು ಹೇಳಿಬಿಡುತ್ತೇನೆ, ನೀವು ಕೇಳದಿದ್ದರೂ. ಹಳೆಯ ಕನ್ನಡ ನೋಟ್ಸ್ ಇರುವ ಆರ್ಕೈವ್ ಬಿಚ್ಚಿದಾಗ ಫೈಲ್ ಕೆಟ್ಟಿದೆ ಅಂತ ಎಸೆಯಬೇಡಿ. 'ಕನ್ನಡ' ಇರಬೇಕಾದ ಕಡೆ ಇಂಗ್ಲಿಷ್ ಪಿ, ತಲೆ ಮೇಲೆ ಗೀಟಿರುವ ಎ, ನಡುವೆ ಪೌಂಡ್ ಗುರುತು ಕಂಡರೆ ಅದು ಹಳೆಯ ನುಡಿ ಎನ್‌ಕೋಡಿಂಗ್, ಅಂದರೆ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಅಕ್ಷರಗಳನ್ನು ಉಳಿಸುತ್ತಿದ್ದ ರೀತಿ. ಕಂಪ್ರೆಷನ್‌ಗೂ ಅದಕ್ಕೂ ಸಂಬಂಧವಿಲ್ಲ, ಪ್ಯಾಕ್ ಮಾಡುವ ಮುಂಚೆಯೂ ಹಾಗೇ ಇತ್ತು. ನುಡಿ ಫಾಂಟ್ ಹಾಕಿಕೊಂಡರೆ ಓದಬಹುದು. ಆದರೆ ಹುಡುಕಲು, ಫೋನಿನಲ್ಲಿ ಕಳಿಸಲು ಈಗ ಎಲ್ಲ ಕಡೆ ಬಳಸುವ ಯೂನಿಕೋಡಿಗೆ ಬದಲಿಸಲೇಬೇಕು. ಬದಲಿಸಿದ ಮೇಲೆ ಅರ್ಕಾವತ್ತು ಸರಿಯಾದ ಜಾಗದಲ್ಲಿ ಕೂತಿದೆಯಾ ಅಂತ ನೋಡಿ. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವನ್ನು ಬೇರೆ ಇಟ್ಟುಕೊಂಡು ಬದಲಿಸಿ, ಇಲ್ಲದಿದ್ದರೆ ಅವೂ ಅರ್ಥವಿಲ್ಲದ ಕನ್ನಡ ಆಗಿಬಿಡುತ್ತವೆ.