ಶಾರ್ಟ್ ಶಿಫ್ಟರ್: ಗಿಡ್ಡ ಆಗುವುದು ಯಾವುದು?

ಶಾರ್ಟ್ ಶಿಫ್ಟರ್ ಅಂದ ಕೂಡಲೇ ಒಂದು ಗಿಡ್ಡ ಗೇರ್ ಲಿವರ್ ಕಣ್ಣ ಮುಂದೆ ಬರುತ್ತದೆ. ಆದರೆ ಡಬ್ಬ ಬಿಚ್ಚಿ ಹೊಸ ಲಿವರನ್ನು ಹಳೆಯದರ ಪಕ್ಕ ಇಟ್ಟು ನೋಡಿದರೆ, ಹೊಸದೇ ತುಸು ಉದ್ದ ಇರುವುದುಂಟು! ಹಾಗಾದರೆ ಗಿಡ್ಡ ಆಗಿದ್ದೇನು? ನಿಮ್ಮ ಕೈ ಓಡಾಡುವ ದೂರ. ಒಂದನೇ ಗೇರಿನಿಂದ ಎರಡಕ್ಕೆ ಹಾಕುವಾಗ ಮೇಲಿನ ನಾಬ್ ಎಷ್ಟು ದೂರ ಸಾಗುತ್ತದೋ ಅದಕ್ಕೆ ‘ಥ್ರೋ’ ಅನ್ನುತ್ತಾರೆ. ಮ್ಯಾನುಯಲ್ ಕಾರಿನಲ್ಲಿ ಈ ಥ್ರೋ ಕಡಿಮೆ ಮಾಡಲು ಹಾಕುವ ಲಿವರ್ ಅಥವಾ ಜೋಡಣೆಯ ಭಾಗವೇ ಶಾರ್ಟ್ ಶಿಫ್ಟರ್.

ಹೆಸರು ಹೋಲುವ ಇನ್ನೆರಡು ಮಾತುಗಳಿವೆ. ‘ಶಾರ್ಟ್ ಶಿಫ್ಟ್ ಮಾಡಿದ’ ಅಂದರೆ ಎಂಜಿನ್ ಪೂರ್ತಿ ಕೂಗುವ ಮೊದಲೇ ಮೇಲಿನ ಗೇರಿಗೆ ಹೋದ ಅಂತ. ಅದು ಓಡಿಸುವ ರೀತಿ, ಬಿಡಿಭಾಗ ಅಲ್ಲ. ಬೈಕುಗಳ ‘ಕ್ವಿಕ್ ಶಿಫ್ಟರ್’ ಬೇರೆಯೇ. ಅದು ಎಂಜಿನ್ನಿನ ಬಲವನ್ನು ಒಂದು ಕ್ಷಣ ತಡೆದು, ಕ್ಲಚ್ ಹಿಡಿಯದೆ ಗೇರ್ ಬದಲಿಸಲು ಬಿಡುತ್ತದೆ. ನಮ್ಮ ಶಾರ್ಟ್ ಶಿಫ್ಟರಿನಲ್ಲಿ ಅಂಥ ಜಾಣತನ ಏನೂ ಇಲ್ಲ. ಅದು ಬರೀ ಒಂದು ಸನ್ನೆಕೋಲು.

ಕಲ್ಲು ಮೀಟುವ ಹಾರೆ ನೆನಪಿಸಿಕೊಳ್ಳಿ. ಹಾರೆಯ ಅಡಿಗೆ ಚಿಕ್ಕ ಕಲ್ಲೊಂದನ್ನು ಆನಿಕೆ ಕೊಡುತ್ತೇವೆ. ಆನಿಕೆಯಿಂದ ಕೈ ದೂರ ಇದ್ದಷ್ಟೂ ಬಲ ಕಡಿಮೆ ಸಾಕು, ಆದರೆ ಕೈ ಜಾಸ್ತಿ ಇಳಿಯಬೇಕು. ಗೇರ್ ಲಿವರೂ ಹೀಗೇ. ನಡುವೆ ಒಂದು ಗುಂಡು ಇರುತ್ತದೆ, ಅದೇ ಆನಿಕೆ. ಅದರ ಮೇಲಿನ ಭಾಗ ನಿಮ್ಮ ಕೈಗೆ, ಕೆಳಗಿನ ತುದಿ ಗೇರ್‌ಬಾಕ್ಸಿಗೆ.

ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ಗುಂಡಿನಿಂದ ಮೇಲೆ 200 ಮಿಲಿಮೀಟರ್, ಕೆಳಗೆ 40. ಅಂದರೆ ಐದಕ್ಕೆ ಒಂದು. ಗೇರ್ ಕೂರಲು ಕೆಳಗಿನ ತುದಿ 12 ಮಿ.ಮೀ. ಸರಿಯಬೇಕಾದರೆ ಮೇಲೆ ನಾಬ್ 60 ಮಿ.ಮೀ. ಸಾಗಬೇಕು. ಈಗ ಕೆಳಗಿನ ಭಾಗವನ್ನು 50 ಮಾಡಿ. ನಾಬ್ 48 ಮಿ.ಮೀ. ಸಾಗಿದರೆ ಸಾಕು. ಥ್ರೋ 20% ಇಳಿಯಿತು. ಲಿವರ್ ಉದ್ದ ಆಯಿತು, ದಾರಿ ಗಿಡ್ಡ ಆಯಿತು.

ಪುಕ್ಕಟೆ ಏನೂ ಸಿಗಲ್ಲ ಅಲ್ವಾ? ದೂರ 20% ಇಳಿದರೆ ಕೈಯ ಬಲ 25% ಏರುತ್ತದೆ. 40% ಇಳಿಸಿದರೆ ಬಲ ಹೆಚ್ಚುಕಡಿಮೆ 67% ಏರುತ್ತದೆ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಬರುವುದು ಮೊದಲನೇ ಅಂಕಿ. ಎರಡನೆಯದು ಗೊತ್ತಾಗುವುದು ಟ್ರಾಫಿಕ್ಕಿನಲ್ಲಿ, ನೂರನೇ ಸಲ ಒಂದನೇ ಗೇರ್ ಹಾಕುವಾಗ.

ಗುಂಡನ್ನೇ ಮೇಲಕ್ಕೆ ಏರಿಸಿದರೂ, ಮೇಲಿನ ಭಾಗವನ್ನು ಕತ್ತರಿಸಿದರೂ ಥ್ರೋ ಇಳಿಯುತ್ತದೆ. ಕತ್ತರಿಸುವುದು ಅಗ್ಗದ ದಾರಿ. ಆದರೆ ನಾಬ್ ಕೆಳಗೆ ಹೋಗುತ್ತದೆ, ಪ್ರತಿ ಸಲ ಭುಜ ಬಗ್ಗಿಸಬೇಕು. ನನಗಂತೂ ಇಷ್ಟವಿಲ್ಲ.

ಗೇರ್‌ಬಾಕ್ಸಿನ ಒಳಗೆ ಏನೂ ಬದಲಾಗುವುದಿಲ್ಲ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ಅಲ್ಲಿ ಮುಂದಕ್ಕೆ ಹೋಗುವ ಪ್ರತಿ ಗೇರಿಗೂ ಸಿಂಕ್ರೊ ರಿಂಗ್ ಇರುತ್ತದೆ, ಸಾಮಾನ್ಯವಾಗಿ ಹಿತ್ತಾಳೆಯದು. ಅದು ಗೇರಿನ ಶಂಕುವಿನಂಥ ಭಾಗಕ್ಕೆ ಉಜ್ಜಿ ಎರಡರ ವೇಗವನ್ನೂ ಸಮ ಮಾಡುತ್ತದೆ. ಸಮ ಆಗುವ ತನಕ ದಾರಿಗೆ ಅಡ್ಡ ನಿಂತು, ಆಮೇಲೆ ಬಿಡುತ್ತದೆ. ಈ ಕೆಲಸಕ್ಕೆ ಅದರದೇ ಸಮಯ ಬೇಕು. ಶಾರ್ಟ್ ಶಿಫ್ಟರ್ ಹಾಕಿದರೆ ನಿಮ್ಮ ಕೈ ಆ ಬಾಗಿಲಿಗೆ ಬೇಗ ತಲುಪುತ್ತದೆ ಅಷ್ಟೆ, ಬಾಗಿಲು ಬೇಗ ತೆರೆಯುವುದಿಲ್ಲ. ಕಾಯದೆ ಜಬರ್ದಸ್ತಿ ಮಾಡಿದರೆ ಸಿಂಕ್ರೊ ಸವೆದು, ಮುಂದೆ ಕರಕರ ಸದ್ದು ಶುರುವಾಗುತ್ತದೆ. ಆದ್ದರಿಂದ ‘ಕಾರು ಫಾಸ್ಟ್ ಆಗುತ್ತದೆ’ ಅನ್ನುವ ಮಾತನ್ನು ಪಕ್ಕಕ್ಕಿಡಿ. ಸಿಗುವುದು ಕೈಗೆ ಒಂದು ಬಿಗಿ, ಚುರುಕಾದ ಅನುಭವ. ಅದಕ್ಕಾಗಿಯೇ ಹಾಕಿಸುವುದಾದರೆ ತಪ್ಪೇನಿಲ್ಲ.

ಕಾರಿಂದ ಕಾರಿಗೆ ಜೋಡಣೆ ಬೇರೆ. ಮಜ್ದಾ ಎಂಎಕ್ಸ್-5 ತರಹದ, ಎಂಜಿನ್ ಹಿಂದಿನ ಚಕ್ರಗಳನ್ನು ತಿರುಗಿಸುವ ಕಾರಿನಲ್ಲಿ ಲಿವರ್ ನೇರ ಗೇರ್‌ಬಾಕ್ಸಿನ ಮೇಲೆಯೇ ಕೂತಿರುತ್ತದೆ. ಅಲ್ಲಿ ಲಿವರನ್ನೇ ಬದಲಿಸಿದರೆ ಮುಗಿಯಿತು. ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುವ ಕಾರುಗಳಲ್ಲಿ ಗೇರ್‌ಬಾಕ್ಸ್ ಹೆಚ್ಚಾಗಿ ಬಾನೆಟ್ಟಿನ ಅಡಿ ಅಡ್ಡಡ್ಡ ಇರುತ್ತದೆ. ಲಿವರಿನಿಂದ ಅಲ್ಲಿಗೆ ಸಾಮಾನ್ಯವಾಗಿ ಎರಡು ಕೇಬಲ್ ಹೋಗುತ್ತವೆ, ಹಿಂದೆ ಮುಂದೆಗೆ ಒಂದು, ಎಡ ಬಲಕ್ಕೆ ಇನ್ನೊಂದು. ಇಲ್ಲಿ ಕೆಲವು ಕಿಟ್‌ಗಳು ಲಿವರನ್ನು ಮುಟ್ಟುವುದೇ ಇಲ್ಲ. ಕೇಬಲ್ ಎಳೆಯುವ ಗೇರ್‌ಬಾಕ್ಸ್ ಕಡೆಯ ಚಿಕ್ಕ ತೋಳನ್ನು ಬದಲಿಸುತ್ತವೆ. ಮಜಾ ಏನೆಂದರೆ, ಆ ತೋಳು ನಿಜಕ್ಕೂ ಗಿಡ್ಡ ಆಗುತ್ತದೆ. ಗಿಡ್ಡ ತೋಳು ಅಷ್ಟೇ ಎಳೆತಕ್ಕೆ ಜಾಸ್ತಿ ತಿರುಗುತ್ತದೆ.

ಎಡ ಬಲದ ಓಡಾಟವನ್ನೂ ಇಳಿಸುವ ಕಿಟ್ ಆದರೆ ಎರಡು ಸಲ ಯೋಚಿಸಿ. ಗೇರಿನ ಸಾಲುಗಳು (ಒಂದು-ಎರಡರದು, ಮೂರು-ನಾಲ್ಕರದು) ಒತ್ತೊತ್ತಾಗಿ ಬಂದರೆ ಕೈ ತಪ್ಪುವುದು ಸುಲಭ. ಮೂರರಿಂದ ನಾಲ್ಕಕ್ಕೆ ಹೋಗಬೇಕಾದ ಲಿವರ್ ವೇಗದಲ್ಲಿ ಎರಡಕ್ಕೆ ಬಿದ್ದರೆ, ಚಕ್ರಗಳೇ ಎಂಜಿನ್ನನ್ನು ಅದರ ಮಿತಿ ಮೀರಿ ತಿರುಗಿಸಿಬಿಡುತ್ತವೆ. ಇದಕ್ಕೆ ‘ಮನಿ ಶಿಫ್ಟ್’ ಅಂತ ಹೆಸರು. ಯಾಕೆ ಅಂತ ರಿಪೇರಿ ಬಿಲ್ಲು ನೋಡಿದವರಿಗೆ ಗೊತ್ತು.

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಗೇರ್ ಹಾಕಿದ ಮೇಲೆ ನಾಬನ್ನು ಮೆಲ್ಲಗೆ ಅಲುಗಾಡಿಸಿ. ಅಲುಗಾಡುವ ಹಲ್ಲಿನ ಹಾಗೆ ಜೋಲುತ್ತಿದ್ದರೆ ನಿಮ್ಮ ತೊಂದರೆ ಥ್ರೋ ಅಲ್ಲ, ಸವೆದ ಬುಷ್, ಅಂದರೆ ಲಿವರ್ ಆಡುವ ಕಡೆ ಕೂರಿಸಿದ ಬಳೆಯಂಥ ತುಂಡು. ನಾನೂ ಒಮ್ಮೆ ಶಾರ್ಟ್ ಶಿಫ್ಟರೇ ಬೇಕು ಅಂತ ಹಟ ಹಿಡಿದಿದ್ದೆ. ಬಿಚ್ಚಿ ನೋಡಿದರೆ ಲಿವರ್ ಬುಡದ ಬುಷ್ ಪುಡಿಯಾಗಿತ್ತು. ಹೊಸ ಬುಷ್ ಹಾಕಿದ ಮೇಲೆ ಆಸೆಯೇ ಇಳಿದುಹೋಯಿತು. ಗೇರ್ ಹಾಕಲು ಗಟ್ಟಿ ಅನಿಸುತ್ತಿದ್ದರೆ ಗೇರ್ ಆಯಿಲ್, ಕ್ಲಚ್, ಕೇಬಲ್ ಹೊಂದಾಣಿಕೆ ನೋಡಬೇಕು. ಇವು ಕೆಟ್ಟಿರುವಾಗ ಶಾರ್ಟ್ ಶಿಫ್ಟರ್ ಹಾಕಿದರೆ ಗಟ್ಟಿತನ ಇನ್ನೂ ಜಾಸ್ತಿ ಆಗುತ್ತದೆ. ಮೇಲಿನ ಲೆಕ್ಕ ನೆನಪಿದೆಯಲ್ಲ.

ಎಲ್ಲ ಸರಿಯಿದ್ದೂ ಬೇಕು ಅನಿಸಿದರೆ, ಕಾರಿನ ಹೆಸರಷ್ಟೇ ನೋಡಿ ತರಿಸಬೇಡಿ. ಒಂದೇ ಮಾಡೆಲ್ಲಿಗೆ ಐದು ಗೇರಿನದು, ಆರು ಗೇರಿನದು ಎರಡೂ ಬಂದಿರಬಹುದು. ಗೇರ್‌ಬಾಕ್ಸಿನ ಕೋಡ್ ನೋಡಿ. ರಿವರ್ಸಿಗೆ ರಿಂಗ್ ಎತ್ತುವ ಅಥವಾ ಲಿವರ್ ಒತ್ತುವ ಬೀಗ ಇದ್ದರೆ ಹೊಸದರಲ್ಲೂ ಅದು ಕೆಲಸ ಮಾಡಲೇಬೇಕು. ಥ್ರೋ ಹೊಂದಿಸಿಕೊಳ್ಳುವಂಥದ್ದು ಸಿಕ್ಕರೆ ಒಳ್ಳೆಯದು, ಎಲ್ಲಕ್ಕಿಂತ ಕಡಿಮೆ ಕಡಿತದಿಂದ ಶುರುಮಾಡಿ. ಜೊತೆಗೆ ಲೋಹದ ಬುಷ್ ಕೊಟ್ಟಿದ್ದರೆ ಬಿಗಿ ಬರುತ್ತದೆ, ಗೇರ್‌ಬಾಕ್ಸಿನ ಗುಂಯ್ ಸದ್ದೂ ಒಳಗೆ ಬರುತ್ತದೆ. ತೂಕದ ನಾಬ್ ಗಟ್ಟಿತನವನ್ನು ಸ್ವಲ್ಪ ಮರೆಸುತ್ತದೆ. ಅದರ ಥ್ರೆಡ್ (ತಿರುಪಿನ ಸುತ್ತು) ಮಾತ್ರ ಅಳತೆ ನೋಡಿ ಕೊಳ್ಳಿ. 10 ಮಿ.ಮೀ. ದಪ್ಪದಲ್ಲೇ ಸುತ್ತಿನಿಂದ ಸುತ್ತಿಗೆ 1.25 ಮತ್ತು 1.5 ಮಿ.ಮೀ. ಇರುವ ಎರಡು ಥ್ರೆಡ್‌ಗಳಿವೆ. ಒಂದರ ಮೇಲೆ ಇನ್ನೊಂದನ್ನು ಒತ್ತಿ ತಿರುಗಿಸಿದರೆ ಎರಡೂ ಹಾಳು.

ಅಳವಡಿಸುವಾಗ ಸಮತಟ್ಟು ಜಾಗ, ಹ್ಯಾಂಡ್‌ಬ್ರೇಕ್, ಚಕ್ರ ಉರುಳದಂತೆ ಅಡ್ಡಗಟ್ಟೆ, ಗೇರ್ ನ್ಯೂಟ್ರಲ್. ಮೊದಲು ನಾಬ್ ಬಿಚ್ಚಿ, ಆಮೇಲೆ ಬೂಟ್ (ಲಿವರ್ ಸುತ್ತಲಿನ ಮೆತ್ತನೆ ಹೊದಿಕೆ), ಆಮೇಲೆ ಕನ್ಸೋಲ್ (ಎರಡು ಸೀಟಿನ ನಡುವಿನ ಕವಚ). ಒಂದೊಂದು ಹಂತಕ್ಕೂ ಫೋಟೊ ತೆಗೆದಿಡಿ. ಯಾವ ವಾಷರ್ ಎಲ್ಲಿತ್ತು ಅಂತ ಆಮೇಲೆ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ. ಲಿವರ್ ಬುಡದ ರಬ್ಬರ್ ಬೂಟ್ ಹರಿದಿದ್ದರೆ ಈಗಲೇ ಬದಲಿಸಿ, ಇಲ್ಲದಿದ್ದರೆ ಬಿಸಿ ಮತ್ತು ಸದ್ದು ಒಳಗೆ ಬರುತ್ತವೆ. ಬಾಯಿ ತೆರೆದಿರುವಾಗ ಗೇರ್‌ಬಾಕ್ಸಿನೊಳಗೆ ಏನೂ ಬೀಳದಂತೆ ಬಟ್ಟೆ ಮುಚ್ಚಿಡಿ. ಕೆಲವು ಕಾರುಗಳಲ್ಲಿ ಕೆಳಗಿನಿಂದಲೇ ಕೈಹಾಕಬೇಕು, ಸೈಲೆನ್ಸರ್ ಪೈಪನ್ನೂ ಇಳಿಸಬೇಕು. ಬರೀ ಜ್ಯಾಕ್ ನಂಬಿ ಕಾರಿನಡಿ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಗುಂಡಿಗೆ ಗ್ರೀಸ್ ಹಚ್ಚಿ. ರಬ್ಬರಿಗೆ ತಾಗುವ ಕಡೆ ಸಿಲಿಕೋನ್ ಗ್ರೀಸೇ ಆಗಬೇಕು.

ಕನ್ಸೋಲ್ ಮುಚ್ಚುವ ಮೊದಲು ಎಂಜಿನ್ ಆಫ್ ಇದ್ದಾಗಲೇ ಕ್ಲಚ್ ಒತ್ತಿ ಎಲ್ಲ ಗೇರ್ ಹಾಕಿ ನೋಡಿ. ಉದ್ದ ಆದ ಕೆಳತುದಿ ಎಲ್ಲೂ ತಾಗಬಾರದು. ಬೂಟ್ ಹಾಕಿದ ಮೇಲೆ ಇನ್ನೊಮ್ಮೆ ನೋಡಿ. ಬಿಗಿಯಾದ ಬೂಟ್ ಲಿವರನ್ನು ಹಿಂದಕ್ಕೆ ಎಳೆದರೆ, ಅಥವಾ ಲಿವರ್ ಕನ್ಸೋಲಿಗೆ ತಾಗಿದರೆ, ಗೇರ್ ಪೂರ್ತಿ ಕೂರದೆ ದಾರಿಯಲ್ಲಿ ಕಳಚಿಕೊಳ್ಳಬಹುದು. ಆಮೇಲೆ ಎಂಜಿನ್ ಶುರುಮಾಡಿ, ಖಾಲಿ ಜಾಗದಲ್ಲಿ ನಿಧಾನಕ್ಕೆ ಓಡಿಸಿ, ರಿವರ್ಸ್ ಬೀಗವನ್ನೂ ನೋಡಿ. ವಾರ ಕಳೆದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಿ. ಹಳೆಯ ಲಿವರನ್ನು ಮಾತ್ರ ಎಸೆಯಬೇಡಿ. ಮನೆಯಲ್ಲಿ ಅದೇ ಕಾರನ್ನು ಓಡಿಸುವ ಇನ್ನೊಬ್ಬರು ಇದ್ದರೆ, ಅವರು ಅದನ್ನೇ ವಾಪಸ್ ಕೇಳಬಹುದು.