ನಾನು ಸರಿಯಾಗೇ ಹೇಳಿದ್ದೆ, ಅವ್ರಿಗೆ ಯಾಕೆ ಬೇರೆ ಥರ ಕೇಳಿಸ್ತು?

ಪ್ರಶ್ನೆ: ಆಫೀಸಲ್ಲಿ ನಾನು ಹೇಳೋ ಕೆಲಸ ಒಂದು, ಟೀಮಿನವ್ರು ಮಾಡ್ಕೊಂಡು ಬರೋದು ಇನ್ನೊಂದು. ಮನೇಲೂ ಅಷ್ಟೇ, ಒಳ್ಳೇದಕ್ಕೆ ಅಂತ ಹೇಳಿದ ಮಾತು ಜಗಳಕ್ಕೆ ಬಂದು ನಿಲ್ಲುತ್ತೆ. ನನಗೆ ಮಾತಾಡೋಕೆ ಭಯ ಇಲ್ಲ, ಭಾಷೆನೂ ಚೆನ್ನಾಗೇ ಇದೆ. ಆದ್ರೂ ಹೀಗ್ಯಾಕೆ ಆಗುತ್ತೆ? ಕಮ್ಯುನಿಕೇಶನ್ ಸ್ಕಿಲ್ಸ್ ಕೋರ್ಸ್ ಏನಾದ್ರೂ ಸೇರ್ಬೇಕಾ?

ಉತ್ತರ: ಕೋರ್ಸ್ ಸದ್ಯಕ್ಕೆ ಬೇಡ. ನಾಲ್ಕು ಜನರ ಮುಂದೆ ನಿಂತ್ರೆ ನಾಲಿಗೆ ಒಣಗುತ್ತೆ ಅನ್ನೋವ್ರಿಗೆ ಅದು ಖಂಡಿತ ಸಹಾಯ ಮಾಡುತ್ತೆ, ಆದ್ರೆ ನೀವೇ ಹೇಳ್ತಿದ್ದೀರ ಭಯ ಇಲ್ಲ ಅಂತ. ಈ ಪ್ರಶ್ನೆನ ಬೇರೆ ಬೇರೆ ಥರ ತುಂಬಾ ಜನ ಕೇಳ್ತಾರೆ, ಅವ್ರಿಗೆಲ್ಲ ಸಿಗೋ ಉತ್ತರ ಮಾತ್ರ ಒಂದೇ, ಕಾನ್ಫಿಡೆಂಟಾಗಿ ಮಾತಾಡಿ, ಕಣ್ಣು ನೋಡಿ ಮಾತಾಡಿ, ಒಳ್ಳೊಳ್ಳೆ ಪದ ಕಲೀರಿ ಅಂತ. ನಿಮ್ಮ ತೊಂದ್ರೆ ಅಲ್ಲಿಲ್ಲ. ನಿಮ್ಮ ಬಾಯಿಂದ ಮಾತು ಸರಿಯಾಗೇ ಹೊರಡ್ತಿದೆ, ಅದು ಎದುರಿನವ್ರ ಹತ್ರ ಹೋಗಿ ಏನಾಯ್ತು ಅಂತ ಯಾರೂ ನೋಡ್ತಿಲ್ಲ ಅಷ್ಟೇ. ಅದನ್ನ ನೋಡೋದು ಒಂದು ಅಭ್ಯಾಸ, ಮತ್ತೆ ಅದನ್ನ ಯಾರು ಬೇಕಾದ್ರೂ ಕಲೀಬಹುದು.

1990ರಲ್ಲಿ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಲಿ ಎಲಿಜಬೆತ್ ನ್ಯೂಟನ್ ಅನ್ನೋರು ತಮ್ಮ ಪಿಎಚ್‌ಡಿಗೋಸ್ಕರ ಒಂದು ಪ್ರಯೋಗ ಮಾಡಿದ್ರು. ಕೆಲವ್ರಿಗೆ ಎಲ್ರಿಗೂ ಗೊತ್ತಿರೋ ಹಾಡುಗಳ ಪಟ್ಟಿ ಕೊಟ್ಟು, ಇದ್ರಲ್ಲಿ ಒಂದು ಆರಿಸ್ಕೊಳ್ಳಿ, ಬಾಯಲ್ಲಿ ಹಾಡ್ಬೇಡಿ, ಬರೀ ಬೆರಳಲ್ಲಿ ಟೇಬಲ್ ಮೇಲೆ ಕುಟ್ಟಿ ಅಂದ್ರು. ಎದುರಿಗೆ ಕೂತವ್ರು ಅದ್ಯಾವ ಹಾಡು ಅಂತ ಹೇಳ್ಬೇಕು. ಕುಟ್ಟಿದವ್ರನ್ನ ಮೊದ್ಲೇ ಕೇಳಿದಾಗ, ಸುಮಾರು ಅರ್ಧದಷ್ಟು ಸಲ ಅವ್ರು ಕಂಡುಹಿಡೀತಾರೆ ಅಂದಿದ್ರು. ಕುಟ್ಟಿದ್ದು 120 ಹಾಡು, ಎದುರಿನವ್ರಿಗೆ ಗೊತ್ತಾಗಿದ್ದು 3. ಯಾಕಂದ್ರೆ ಕುಟ್ಟೋವ್ರ ತಲೇಲಿ ಆ ಹಾಡು ಪೂರ್ತಿ ಓಡ್ತಿರುತ್ತೆ, ರಾಗ, ಪದ, ವಾದ್ಯ ಎಲ್ಲಾ ಸೇರಿ, ಹಾಗಾಗಿ ಇಷ್ಟು ಸುಲಭದ್ದು ಇವ್ರಿಗೆ ಯಾಕೆ ಗೊತ್ತಾಗ್ತಿಲ್ಲ ಅಂತ ಅವ್ರಿಗೇ ಆಶ್ಚರ್ಯ. ಕೇಳೋವ್ರಿಗೆ ಸಿಗೋದು ಬರೀ ಟಕ್ ಟಕ್ ಸದ್ದು.

ಈಗ ಆಫೀಸಿಗೆ ಬನ್ನಿ. ಟೀಮಲ್ಲಿ ಒಬ್ರಿಗೆ ನೀವು "ಈ ರಿಪೋರ್ಟ್ ಸ್ವಲ್ಪ ನೋಡಿ, ಬೇಗ ಬೇಕು" ಅಂತೀರ. ನಿಮ್ಮ ತಲೇಲಿ ಇರೋದು ಪೂರ್ತಿ ವಾಕ್ಯ, ನಾಳೆ ಕ್ಲೈಂಟ್ ಮೀಟಿಂಗಿದೆ, ಮೂರನೇ ಪೇಜಿನ ಲೆಕ್ಕ ಸರಿ ಇಲ್ಲ ಅಂತ ಅನುಮಾನ ಇದೆ, ಅದೊಂದು ಚೆಕ್ ಮಾಡಿ ಸಂಜೆ ಒಳಗೆ ಕೊಟ್ರೆ ಸಾಕು. ಅವ್ರಿಗೆ ತಲುಪಿದ್ದು ಸ್ವಲ್ಪ, ನೋಡಿ, ಬೇಗ, ಇಷ್ಟೇ. ಸ್ವಲ್ಪ ಅಂದ್ರೆ ಎಷ್ಟು, ನೋಡಿ ಅಂದ್ರೆ ಸುಮ್ನೆ ಓದೋದಾ ತಿದ್ದೋದಾ, ಬೇಗ ಅಂದ್ರೆ ಯಾವಾಗ, ಮೂರಕ್ಕೂ ಅವ್ರೇ ಏನೋ ಒಂದು ಊಹೆ ಮಾಡ್ಕೊಂಡು, ಪಾಪ ಮೂರು ದಿನ ಕೂತು ಇಡೀ ರಿಪೋರ್ಟಿನ ಭಾಷೆ ತಿದ್ದಿ ತಂದು ಕೊಟ್ರೆ ಅದ್ರಲ್ಲಿ ಅವ್ರ ತಪ್ಪೇನಿದೆ ಹೇಳಿ. ಹಾಗಾಗಿ ಕೆಲಸ ಹೇಳುವಾಗ ಯಾಕೆ ಬೇಕು, ನಿಖರವಾಗಿ ಏನು ಬೇಕು, ಎಷ್ಟು ಗಂಟೆಗೆ ಬೇಕು, ಈ ಮೂರನ್ನ ಬಾಯಿ ಬಿಟ್ಟೇ ಹೇಳಿ. ಅದ್ರಲ್ಲೂ ಯಾಕೆ ಅನ್ನೋದನ್ನ ಬಿಡ್ಲೇಬೇಡಿ. ಯಾಕೆ ಅಂತ ಗೊತ್ತಿದ್ರೆ ನೀವು ಹೇಳದೇ ಇರೋ ಸಣ್ಣಪುಟ್ಟ ವಿಷ್ಯಗಳನ್ನೂ ಅವ್ರು ಸರಿಯಾಗಿ ತೀರ್ಮಾನ ಮಾಡ್ತಾರೆ, ಗೊತ್ತಿಲ್ದಿದ್ರೆ ಪ್ರತಿ ಹೆಜ್ಜೆಗೂ ನಿಮ್ಮನ್ನ ಕೇಳ್ಬೇಕು ಇಲ್ಲಾ ಊಹಿಸ್ಬೇಕು.

ಇಷ್ಟು ಹೇಳಿದ್ಮೇಲೂ ಕೆಲಸ ಅರ್ಧನೇ ಆಗಿದ್ದು. ಉಳಿದರ್ಧ ಏನು ಅಂತ ವಿಮಾನ ಓಡಿಸೋವ್ರಿಂದ ಕಲೀಬೇಕು, ಅವ್ರು ಇದನ್ನ ಕಲಿತಿದ್ದು ದೊಡ್ಡ ಬೆಲೆ ಕೊಟ್ಟು. 1977ರ ಮಾರ್ಚ್ 27, ಕ್ಯಾನರಿ ದ್ವೀಪಗಳ ಟೆನೆರಿಫ್ ಏರ್‌ಪೋರ್ಟಲ್ಲಿ ದಟ್ಟ ಮಂಜು, ಒಂದೇ ರನ್‌ವೇ ಮೇಲೆ ಎರಡು ಬೋಯಿಂಗ್ 747. ಒಂದು ವಿಮಾನದ ಕೋ-ಪೈಲಟ್ ರೇಡಿಯೋದಲ್ಲಿ ನಾವೀಗ ಟೇಕಾಫಲ್ಲಿದ್ದೀವಿ ಅನ್ನೋ ಅರ್ಥ ಬರೋ ಮಾತು ಹೇಳಿದ್ರು. ವಿಮಾನಗಳಿಗೆ ಟವರಿಂದ ಸೂಚನೆ ಕೊಡೋ ಕಂಟ್ರೋಲರಿಗೆ ಅದು ಟೇಕಾಫ್ ಮಾಡೋ ಜಾಗದಲ್ಲಿ ನಿಂತು ಕಾಯ್ತಿದ್ದೀವಿ ಅಂತ ಕೇಳಿಸ್ತು, ಅವ್ರು "ಓಕೆ" ಅಂದು, ಆಮೇಲೆ ಕಾಯ್ತಿರಿ ನಾನು ಕರೀತೀನಿ ಅಂದ್ರು. ಅದೇ ಕ್ಷಣಕ್ಕೆ ಇನ್ನೊಂದು ವಿಮಾನದವ್ರೂ ನಾವಿನ್ನೂ ರನ್‌ವೇ ಮೇಲೇ ಇದ್ದೀವಿ ಅಂತ ಮಾತಾಡಿದ್ರು, ಎರಡು ಸಿಗ್ನಲ್ ಒಂದರ ಮೇಲೊಂದು ಬಿದ್ದು ಕೀಂಯ್ ಅನ್ನೋ ಸದ್ದು, ಮೊದಲ ವಿಮಾನದ ಕಾಕ್‌ಪಿಟ್ಟಲ್ಲಿ ಸ್ಪಷ್ಟವಾಗಿ ಕೇಳಿದ್ದು "ಓಕೆ" ಒಂದೇ. ಹೊರಡೋ ಅನುಮತಿ ಕೊಟ್ಟಿರ್ಲೇ ಇಲ್ಲ, ವಿಮಾನ ಹೊರಟೇಬಿಟ್ಟಿತ್ತು. ಎರಡೂ ಡಿಕ್ಕಿ ಹೊಡೆದು 583 ಜನ ಸತ್ರು. ಕಾಕ್‌ಪಿಟ್ಟಲ್ಲೇ ಇದ್ದ ಫ್ಲೈಟ್ ಎಂಜಿನಿಯರ್ ಆ ಇನ್ನೊಂದು ವಿಮಾನ ರನ್‌ವೇ ಬಿಟ್ಟಿಲ್ವಾ ಅಂತ ಅನುಮಾನದಿಂದ ಕೇಳಿದ್ರು ಕೂಡ, ಕ್ಯಾಪ್ಟನ್ ಬಿಟ್ಟಿದೆ ಅಂತ ಖಡಾಖಂಡಿತ ಹೇಳಿದ್ಮೇಲೆ ಆ ಮಾತು ಅಲ್ಲಿಗೇ ನಿಂತ್ಹೋಯ್ತು. ಈ ಒಂದು ಭಾಗ ಓದುವಾಗೆಲ್ಲ ನನಗೆ ಮೀಟಿಂಗುಗಳು ನೆನಪಾಗ್ತವೆ, ಯಾರಿಗೋ ಒಬ್ರಿಗೆ ಅನುಮಾನ ಬಂದಿರುತ್ತೆ, ಮೆಲ್ಲಗೆ ಒಂದ್ಸಲ ಹೇಳಿರ್ತಾರೆ, ದೊಡ್ಡವ್ರು ಇಲ್ಲ ಅಂದ್ಮೇಲೆ ಸುಮ್ನಾಗಿರ್ತಾರೆ.

ಆ ದುರಂತ ಆದ್ಮೇಲೆ ಟೇಕಾಫ್ ಅನ್ನೋ ಪದನ ಹೊರಡೋ ಅನುಮತಿ ಕೊಡೋವಾಗ, ಇಲ್ಲಾ ಅದನ್ನ ವಾಪಸ್ ತಗೊಳ್ಳೋವಾಗ ಮಾತ್ರ ಬಳಸ್ಬೇಕು ಅಂತ ಆಯ್ತು, ಬರೀ ಓಕೆ ಅಂದ್ರೆ ಸಾಲದು, ಕೇಳಿಸ್ಕೊಂಡ ಸೂಚನೆಯ ಮುಖ್ಯ ಭಾಗನ ಪೈಲಟ್ ತಿರುಗಿ ಹೇಳ್ಬೇಕು ಅನ್ನೋದಕ್ಕೆ ಇನ್ನಷ್ಟು ಒತ್ತು ಬಂತು. ಆಸ್ಪತ್ರೆಗಳಲ್ಲೂ ಇದೇ ಥರ ಟೀಚ್-ಬ್ಯಾಕ್ ಅಂತ ಒಂದು ಪದ್ಧತಿ ಇದೆ, ಮಾತ್ರೆ ಹೇಗೆ ತಗೋತೀರ ನೀವೇ ಒಂದ್ಸಲ ಹೇಳಿ ನೋಡೋಣ ಅಂತ ಡಾಕ್ಟರು, ನರ್ಸುಗಳು ರೋಗಿ ಬಾಯಲ್ಲೇ ಹೇಳಿಸ್ತಾರೆ.

ನೀವು ಮಾಡ್ಬೇಕಾಗಿದ್ದೂ ಇಷ್ಟೇ. "ಅರ್ಥ ಆಯ್ತಾ?" ಅನ್ನೋದನ್ನ ಬಿಟ್ಬಿಡಿ, ಅದಕ್ಕೆ ಎಲ್ರೂ ಹೂಂ ಅಂತಾರೆ, ಇಲ್ಲ ಅಂದ್ರೆ ದಡ್ಡ ಅಂದ್ಕೋತಾರೇನೋ ಅಂತ ಭಯ. ಅದ್ರ ಬದ್ಲು "ನಾನು ಏನಾದ್ರೂ ಹೇಳೋದು ಬಿಟ್ಟಿರಬಹುದು, ನೀವು ಇದನ್ನ ಎಲ್ಲಿಂದ ಶುರು ಮಾಡ್ತೀರ ಹೇಳಿ" ಅಂತ ಕೇಳಿ. ಇಲ್ಲಿ ಪರೀಕ್ಷೆ ನಿಮ್ಮ ಹೇಳೋ ರೀತಿಗೆ, ಅವ್ರ ಬುದ್ಧಿಗಲ್ಲ, ಹಾಗಾಗಿ ಯಾರಿಗೂ ಅವಮಾನ ಆಗಲ್ಲ. ನೀವೇ ಜೂನಿಯರ್ ಆಗಿದ್ದು ಮ್ಯಾನೇಜರ್ ಅರ್ಧಂಬರ್ಧ ಹೇಳಿ ಹೋಗ್ತಾರೆ ಅಂದ್ರೆ ನೀವೇ ತಿರುಗಿ ಹೇಳಿ: "ಸರ್, ಮೂರನೇ ಪೇಜಿನ ಲೆಕ್ಕ ಮಾತ್ರ ಚೆಕ್ ಮಾಡಿ ಐದು ಗಂಟೆಗೆ ಕಳಿಸ್ತೀನಿ, ಸರಿನಾ?" ಅರ್ಧ ನಿಮಿಷದ ಕೆಲಸ, ಎರಡು ದಿನದ ರೀವರ್ಕ್ ಉಳಿಯುತ್ತೆ.

ಕೇಳಿಸ್ಕೊಳ್ಳೋ ಕಡೆಗೂ ಬರೋಣ, ಯಾಕಂದ್ರೆ ಮನೆಯ ಜಗಳಗಳ ಬೇರು ಹೆಚ್ಚಾಗಿ ಇಲ್ಲೇ ಇರುತ್ತೆ. 2009ರಲ್ಲಿ ಹತ್ತು ಭಾಷೆಗಳ ಮಾತುಕತೆ ಇಟ್ಕೊಂಡು ಮಾಡಿದ ಒಂದು ಅಧ್ಯಯನದಲ್ಲಿ, ಒಬ್ರು ಪ್ರಶ್ನೆ ಮುಗಿಸಿ ಇನ್ನೊಬ್ರು ಉತ್ತರ ಶುರು ಮಾಡೋಕೆ ಸರಾಸರಿ ಹಿಡಿಯೋ ಹೊತ್ತು ಸುಮಾರು 200 ಮಿಲಿಸೆಕೆಂಡ್ ಅಂತ ಕಂಡುಬಂತು, ಅಂದ್ರೆ ಒಂದು ಸೆಕೆಂಡಿನ ಐದನೇ ಒಂದು ಭಾಗ. ಆದ್ರೆ ಒಂದೇ ಒಂದು ಪದ ತಲೇಲಿ ಹುಡುಕಿ ಬಾಯಿಗೆ ತರೋಕೇ ನಮಗೆ ಸುಮಾರು 600 ಮಿಲಿಸೆಕೆಂಡ್ ಬೇಕು. ಲೆಕ್ಕ ಹಾಕಿ, ಎದುರಿನವ್ರು ಮಾತು ಮುಗಿಸೋಕೆ ಮುಂಚೆನೇ ನಾವು ಉತ್ತರ ಕಟ್ಟೋಕೆ ಕೂತಿರ್ತೀವಿ. ಇದು ಯಾರ ಕೆಟ್ಟ ಬುದ್ಧಿನೂ ಅಲ್ಲ, ಮಾತುಕತೆ ನಡೆಯೋದೇ ಹಾಗೆ. ಮಾಮೂಲಿ ಮಾತಿಗೆ ಇದ್ರಿಂದ ತೊಂದ್ರೆ ಇಲ್ಲ. ಆದ್ರೆ ಹೆಂಡತಿನೋ ಗಂಡನೋ ಅಮ್ಮನೋ ಮನಸ್ಸಿಗೆ ಬೇಜಾರಾಗಿದ್ದು ಹೇಳ್ಕೊಳ್ಳುವಾಗ ಮೊದಲ ವಾಕ್ಯಕ್ಕೇ ನಮ್ಮ ಉತ್ತರ ರೆಡಿ ಆಗ್ಬಿಟ್ರೆ, ಅವ್ರು ಕೊನೇಲಿ ಹೇಳಿದ ನಿಜವಾದ ವಿಷ್ಯ ನಮ್ಮ ಕಿವಿಗೇ ಬೀಳಲ್ಲ.

ಮನಶ್ಶಾಸ್ತ್ರಜ್ಞರಾದ ಕಾರ್ಲ್ ರೋಜರ್ಸ್ ಮತ್ತು ರಿಚರ್ಡ್ ಫಾರ್ಸನ್, ಎದುರಿನವ್ರ ಮಾತನ್ನ ಪೂರ್ತಿ ಗಮನ ಕೊಟ್ಟು ಕೇಳಿಸ್ಕೊಳ್ಳೋದನ್ನ 1957ರಲ್ಲೇ ಆಕ್ಟಿವ್ ಲಿಸನಿಂಗ್ ಅಂತ ಬರೆದ್ರು. ಅದ್ರಲ್ಲಿ ನನಗೆ ಬಹಳ ಉಪಯೋಗ ಅನ್ನಿಸೋದು ಒಂದೇ ವಿಷ್ಯ, ಮಾತಿನ ಹಿಂದಿರೋ ಭಾವನೆಗೂ ಉತ್ತರ ಕೊಡ್ಬೇಕು ಅನ್ನೋದು. "ಇವತ್ತೂ ಲೇಟಾ?" ಅಂತ ಯಾರಾದ್ರೂ ಕೇಳಿದ್ರೆ ಅವ್ರಿಗೆ ಟ್ರಾಫಿಕ್ ವರದಿ ಬೇಕಾಗಿಲ್ಲ. "ತುಂಬಾ ಹೊತ್ತು ಕಾದು ಬೇಜಾರಾಯ್ತಾ?" ಅಂತ ಒಂದು ಮಾತು ಮೊದ್ಲು ಬರ್ಲಿ, ಕಾರಣ ಆಮೇಲೆ ಹೇಳಿದ್ರಾಯ್ತು. ಮತ್ತೆ ಯಾರಾದ್ರೂ ಕಷ್ಟ ಹೇಳ್ಕೊಂಡ್ರೆ "ನಾನು ಏನಾದ್ರೂ ಐಡಿಯಾ ಹೇಳ್ಲಾ, ಸುಮ್ನೆ ಕೇಳಿಸ್ಕೊಳ್ಳಾ?" ಅಂತ ಕೇಳಿಬಿಡಿ. ಒಳ್ಳೇದಕ್ಕೆ ಹೇಳಿದ್ದು ಜಗಳ ಆಯ್ತು ಅಂತ ಬರೆದಿದ್ದೀರಲ್ಲ, ಹೆಚ್ಚಿನ ಸಲ ಆ ಒಳ್ಳೇದು ಕೇಳದೇ ಕೊಟ್ಟ ಸಲಹೆ ಆಗಿರುತ್ತೆ.

ನಿಮಗೇ ಬೇಜಾರಾದಾಗ? ಅಮೆರಿಕಾದ ಮನಶ್ಶಾಸ್ತ್ರಜ್ಞ ಥಾಮಸ್ ಗಾರ್ಡನ್ 1960ರ ದಶಕದಲ್ಲಿ ತಂದೆತಾಯಂದ್ರಿಗೆ ತರಬೇತಿ ಕೊಡೋವಾಗ ನೀನು ಅಂತ ಶುರು ಮಾಡೋ ಬದ್ಲು ನಾನು ಅಂತ ಶುರು ಮಾಡಿ ಅಂತ ಹೇಳ್ಕೊಡ್ತಿದ್ರು. "ನಿನಗೆ ಯಾವಾಗ್ಲೂ ಜವಾಬ್ದಾರಿ ಇಲ್ಲ" ಅಂದ್ರೆ ಅವ್ರು ಯಾವಾಗ್ಲೂ ಅನ್ನೋ ಪದ ಹಿಡ್ಕೊಂಡು ಹೋದ ತಿಂಗಳ ಉದಾಹರಣೆ ತೆಗೀತಾರೆ, ಜಗಳ ಶುರು. "ನಿನ್ನೆ ಬಿಲ್ ಕಟ್ಟಿಲ್ಲ ಅಂತ ಗೊತ್ತಾದಾಗ ನನಗೆ ಟೆನ್ಶನ್ ಆಯ್ತು" ಅಂದ್ರೆ ಅದನ್ನ ಅಲ್ಲಗಳೆಯೋಕೆ ಏನೂ ಇಲ್ಲ, ನಡೆದಿದ್ದು ನಿಜ, ಟೆನ್ಶನ್ ಆಗಿದ್ದೂ ನಿಜ. ಆದ್ರೆ "ನೀನು ಸ್ವಾರ್ಥಿ ಅಂತ ನನಗೆ ಅನ್ಸುತ್ತೆ" ಅಂದ್ರೆ ಅದು ಲೆಕ್ಕಕ್ಕೆ ಬರಲ್ಲ, ನಾನು ಅಂತ ಸೇರಿಸಿದ್ರೂ ಅದು ಬೈಗುಳನೇ.

ಮೆಸೇಜ್ ಬಗ್ಗೆ ಒಂದು ಎಚ್ಚರಿಕೆ. 2005ರಲ್ಲಿ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತವ್ರ ಜೊತೆಗಾರರು ಒಂದೇ ಥರದ ಮಾತುಗಳನ್ನ ಕೆಲವ್ರಿಗೆ ಇಮೇಲಲ್ಲಿ, ಕೆಲವ್ರಿಗೆ ದನಿಯಲ್ಲಿ ಕಳಿಸೋಕೆ ಹೇಳಿದ್ರು, ಕೆಲವು ಸೀರಿಯಸ್, ಕೆಲವು ವ್ಯಂಗ್ಯ. ಕಳಿಸಿದವ್ರು ಎರಡರಲ್ಲೂ ಸುಮಾರು 78% ಸರಿಯಾಗಿ ತಲುಪುತ್ತೆ ಅಂದ್ಕೊಂಡಿದ್ರು. ದನಿಯಲ್ಲಿ ಸುಮಾರು 73% ತಲುಪ್ತು, ಇಮೇಲಲ್ಲಿ ಬರೀ 56%, ಕಣ್ಣು ಮುಚ್ಕೊಂಡು ಊಹಿಸಿದ್ರೂ 50 ಬರ್ತಿತ್ತು. ಬರೆಯುವಾಗ ನಮ್ಮ ದನಿ ನಮ್ಮ ತಲೇಲಿ ಕೇಳ್ತಿರುತ್ತೆ, ಓದೋವ್ರಿಗೆ ಕೇಳಲ್ಲ. ಹಾಗಾಗಿ ಸಮಯ, ಜಾಗ, ಫೈಲ್, ಲೆಕ್ಕ ಇವೆಲ್ಲ ಮೆಸೇಜಲ್ಲಿ ಇರ್ಲಿ, ತಪ್ಪು ತೋರಿಸೋದು, ಬೇಜಾರು ಹೇಳೋದು, ಇಲ್ಲ ಅನ್ನೋದು, ಇವಕ್ಕೆ ಫೋನ್ ಮಾಡಿ.

ಇದನ್ನ ಕೇಳಿ ಯಾರಾದ್ರೂ ನಿಮಗೆ ಮಾತಿನ 93% ಬಾಡಿ ಲಾಂಗ್ವೇಜ್ ಮತ್ತು ದನಿ, ಪದ ಬರೀ 7% ಅಂದ್ರೆ ನಂಬ್ಬೇಡಿ. ಆ ಸಂಖ್ಯೆ ಬಂದಿದ್ದು 1967ರಲ್ಲಿ ಆಲ್ಬರ್ಟ್ ಮೆಹ್ರಾಬಿಯನ್ ಮಾಡಿದ ಪ್ರಯೋಗಗಳಿಂದ, ಒಂದೊಂದೇ ಪದನ ಬೇರೆ ಬೇರೆ ದನಿ, ಮುಖಭಾವದ ಜೊತೆ ಸೇರಿಸಿ ಹೇಳಿದವ್ರಿಗೆ ಇಷ್ಟ ಇದೆಯೋ ಇಲ್ವೋ ಅಂತ ಊಹಿಸೋದು ಅಷ್ಟೇ ಅಲ್ಲಿದ್ದಿದ್ದು. ಎಲ್ಲಾ ಮಾತಿಗೂ ಅದು ಅನ್ವಯಿಸಲ್ಲ ಅಂತ ಅವ್ರೇ ಹೇಳಿದ್ದಾರೆ. ದಯವಿಟ್ಟು ಪದಗಳ ಮೇಲೆ ಗಮನ ಕೊಡಿ.

ಕೊನೇದಾಗಿ, ಇಷ್ಟೆಲ್ಲ ಮಾಡಿದ್ರೂ ಕೆಲವು ಸಲ ತಪ್ಪು ಅರ್ಥ ಆಗೇ ಆಗುತ್ತೆ. ಆಗ ಬಾಯಿಗೆ ಮೊದ್ಲು ಬರೋದು "ನಾನು ಹಾಗೆ ಹೇಳ್ಲೇ ಇಲ್ಲ" ಅನ್ನೋದು, ಅದನ್ನ ತಡೀರಿ, ಯಾಕಂದ್ರೆ ಅಲ್ಲಿಂದ ಮಾತು ಯಾರು ಸುಳ್ಳು ಹೇಳ್ತಿದ್ದಾರೆ ಅನ್ನೋ ಕಡೆ ತಿರುಗುತ್ತೆ. "ನಿಮಗೆ ಏನಂತ ಕೇಳಿಸ್ತು ಹೇಳಿ" ಅಂತ ಕೇಳಿ, ಅವ್ರು ಪೂರ್ತಿ ಹೇಳೋ ತನಕ ಮಧ್ಯ ಬಾಯಿ ಹಾಕ್ಬೇಡಿ, ಹೇಳಿ ಮುಗಿಸಿದ್ಮೇಲೆ "ಹಾಗೆ ಕೇಳಿಸಿದ್ರೆ ಯಾರಿಗಾದ್ರೂ ಬೇಜಾರಾಗುತ್ತೆ, ನಾನು ಹೇಳೋಕೆ ಹೊರಟಿದ್ದು ಇದು" ಅಂತ ಬೇರೆ ಪದಗಳಲ್ಲಿ ಇನ್ನೊಂದ್ಸಲ ಹೇಳಿ. ಅದೇ ವಾಕ್ಯನ ದನಿ ಏರಿಸಿ ಹೇಳಿದ್ರೆ ಉಪಯೋಗ ಇಲ್ಲ, ಅದು ಒಂದ್ಸಲ ಕೆಲಸ ಮಾಡಿಲ್ಲ ಅಂತ ಈಗಾಗ್ಲೇ ಗೊತ್ತಾಗಿದೆ.