ಗೇಟ್‌ವೇ ಬದುಕಿದೆಯಾ? ಪಿಂಗ್ ಬೇಡ ಎಂದಿದ್ದ ಕಾಲದಿಂದ ಇಲ್ಲಿಯವರೆಗೆ

ಆಫೀಸಿಗೆ ಎರಡು ಇಂಟರ್ನೆಟ್ ಲೈನ್ ಇವೆ. ಒಂದು ಹೋದರೆ ಇನ್ನೊಂದು ಇರಲಿ ಅಂತ ರೌಟರ್‌ನಲ್ಲಿ ಎರಡಕ್ಕೂ ಸ್ಟಾಟಿಕ್ ರೂಟ್ (ಕೈಯಾರೆ ಬರೆದಿಟ್ಟ ದಾರಿ) ಹಾಕಿ, ಎರಡನೆಯದಕ್ಕೆ ಡಿಸ್ಟೆನ್ಸ್ ಜಾಸ್ತಿ ಕೊಟ್ಟಿರುತ್ತಾರೆ, ಅಂದರೆ ಮೊದಲನೆಯದು ಇಲ್ಲದಾಗ ಮಾತ್ರ ಅದನ್ನು ಬಳಸು ಅಂತ. ಆದರೂ ಮೊದಲ ಲೈನ್ ಸತ್ತ ದಿನ ಎಲ್ಲರ ಕೆಲಸವೂ ನಿಲ್ಲುತ್ತದೆ. ಸಾಮಾನ್ಯವಾಗಿ ಸ್ಟಾಟಿಕ್ ರೂಟ್ ತೊಲಗುವುದು ಇಂಟರ್‌ಫೇಸ್ (ರೌಟರ್‌ನ ಪೋರ್ಟ್) ಡೌನ್ ಆದಾಗ ಮಾತ್ರ. ನಡುವೆ ಒಂದು ಮೋಡೆಮೋ ಸ್ವಿಚ್ಚೋ ಕೂತಿದ್ದರೆ, ಆಚೆ ಕೇಬಲ್ ತುಂಡಾದರೂ ಈಚೆ ಪೋರ್ಟಿನ ದೀಪ ಉರಿಯುತ್ತಲೇ ಇರುತ್ತದೆ. ಪ್ಯಾಕೆಟ್‌ಗಳೂ ಅತ್ತಲೇ ಹೋಗಿ ಕಳೆದುಹೋಗುತ್ತವೆ.

ಗೇಟ್‌ವೇಯನ್ನು, ಅಂದರೆ ಪ್ಯಾಕೆಟ್‌ಗಳು ಮೊದಲು ತಲುಪುವ ಮುಂದಿನ ಸಾಧನವನ್ನು, ಪಿಂಗ್ ಮಾಡಿ (ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದಾ ಅಂತ) ನೋಡಿದರೆ ಆಯ್ತು, ಅಲ್ವಾ? ಅದಕ್ಕೆ ಬೇಕಾದ ಎಕೋ ಸಂದೇಶ 1981ರ ಐಸಿಎಂಪಿ (ನೆಟ್‌ವರ್ಕಿನ ದೋಷ, ಸ್ಥಿತಿ ತಿಳಿಸುವ ಪ್ರೋಟೋಕಾಲ್) ನಿಯಮದಲ್ಲೇ ಇತ್ತು. 1983ರ ಡಿಸೆಂಬರ್‌ನಲ್ಲಿ ಮೈಕ್ ಮ್ಯೂಸ್ ಪಿಂಗ್ ಪ್ರೋಗ್ರಾಂ ಬರೆದರು. ಆದರೆ 1989ರ ಅಕ್ಟೋಬರ್‌ನಲ್ಲಿ ಬಂದ ಆರ್‌ಎಫ್‌ಸಿ 1122 (ಇಂಟರ್ನೆಟ್ ನಿಯಮಗಳ ಒಂದು ದಾಖಲೆ) ಅಡ್ಡ ನಿಂತಿತು. ಹೋಸ್ಟ್‌ಗಳು (ನೆಟ್‌ವರ್ಕಿನ ಕಂಪ್ಯೂಟರ್‌ಗಳು) ಸುಮ್ನೆ ಗೇಟ್‌ವೇಯನ್ನು ಪಿಂಗ್ ಮಾಡುತ್ತಾ ಕೂರಲೇಬಾರದು ಎಂದಿತು. ಅದು ದುಬಾರಿ, ಯಂತ್ರಗಳು ಹೆಚ್ಚಿದರೆ ತಡೆಯುವುದಿಲ್ಲ ಎಂಬುದು ಕಾರಣ. ಟಿಸಿಪಿ (ಮಾಹಿತಿ ತಲುಪಿತು ಅಂತ ಖಚಿತಪಡಿಸಿಕೊಳ್ಳುವ ಪ್ರೋಟೋಕಾಲ್) ಉತ್ತರ ಬರುತ್ತಿದ್ದರೆ ಗೇಟ್‌ವೇ ಬದುಕಿದೆ ಅಂತಲೇ ಅರ್ಥ, ಮತ್ತೆ ಯಾಕೆ ಕೇಳಬೇಕು? ಟ್ರಾಫಿಕ್ ಇದ್ದು, ಬೇರೆ ಸುಳಿವು ಸಿಗದಿದ್ದಾಗ ಮಾತ್ರ ಪಿಂಗ್‌ಗೆ ಅವಕಾಶ. ಆ ಕಾಲಕ್ಕೆ ಸರಿಯಾದ ಮಾತು ಅನ್ನಿಸುತ್ತದೆ.

ರೌಟರ್‌ಗಳು ತಮ್ಮ ನಡುವೆ ಓಎಸ್‌ಪಿಎಫ್‌ನಂಥ, ದಾರಿಗಳ ಮಾಹಿತಿ ಹಂಚಿಕೊಳ್ಳುವ ಪ್ರೋಟೋಕಾಲ್‌ನಲ್ಲಿ ಹಲೋ ಹೇಳಿಕೊಂಡು ಈ ತೊಂದರೆ ನೀಗಿಸಿಕೊಂಡವು. ಸಣ್ಣ ಗ್ರಾಹಕನ ಜೊತೆ ಹಾಗೆ ಮಾತಾಡಲು ಐಎಸ್‌ಪಿಗಳು (ಇಂಟರ್ನೆಟ್ ಕೊಡುವ ಕಂಪನಿಗಳು) ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಾಗಾಗಿ ಸ್ಟಾಟಿಕ್ ರೂಟ್ ಉಳಿಯಿತು, ತಪಾಸಣೆಯನ್ನು ರೌಟರ್ ಕಂಪನಿಗಳೇ ಅದಕ್ಕೆ ಅಂಟಿಸಿದವು. ಸಿಸ್ಕೋದಲ್ಲಿ ಐಪಿ ಎಸ್‌ಎಲ್‌ಎ ಎಂಬ ಪರೀಕ್ಷೆಯನ್ನು ಟ್ರ್ಯಾಕ್ ಎಂಬ ಸೆಟ್ಟಿಂಗ್ ಮೂಲಕ ರೂಟ್‌ಗೆ ಕಟ್ಟುತ್ತಾರೆ; ಪರೀಕ್ಷೆ ಸೋತರೆ ರೂಟ್ ತೊಲಗುತ್ತದೆ. ಲಾಟ್ವಿಯಾದ ಮೈಕ್ರೋಟಿಕ್‌ನಲ್ಲಿ ಚೆಕ್-ಗೇಟ್‌ವೇ ಎಂಬ ಒಂದೇ ಆಯ್ಕೆ: 10 ಸೆಕೆಂಡಿಗೊಮ್ಮೆ ಪಿಂಗ್ ಅಥವಾ ಎಆರ್‌ಪಿ (ಒಂದೇ ಜಾಲದೊಳಗೆ ಸಾಧನದ ವಿಳಾಸ ಕೇಳುವ ಸಂದೇಶ), ಎರಡು ಸಲ ಉತ್ತರ ಬರದಿದ್ದರೆ ಗೇಟ್‌ವೇ ಇಲ್ಲವೆಂದೇ ಲೆಕ್ಕ. 2010ರಲ್ಲಿ ಆರ್‌ಎಫ್‌ಸಿಯಾದ ಬಿಎಫ್‌ಡಿ ಎಂಬ ಪ್ರೋಟೋಕಾಲ್ ಇದನ್ನೇ ಮಿಲಿಸೆಕೆಂಡುಗಳಲ್ಲಿ ಮಾಡುತ್ತದೆ, ಆದರೆ ಎರಡೂ ತುದಿಯಲ್ಲಿ ಅದು ಇರಬೇಕು.

ಇಲ್ಲೂ ಒಂದು ತೂತು ಇದೆ. ಎಷ್ಟೋ ಕಡೆ ಗೇಟ್‌ವೇ ಅಂದರೆ ಮೇಜಿನ ಮೇಲಿನ ಮೋಡೆಮೇ. ಹೊರಗೆ ಫೈಬರ್ ಕಡಿದರೂ ಅದು ಪಿಂಗ್‌ಗೆ ಖುಷಿಯಾಗಿ ಉತ್ತರ ಕೊಡುತ್ತದೆ. ಅದಕ್ಕೇ 8.8.8.8ನಂಥ (ಗೂಗಲ್‌ನ ಸಾರ್ವಜನಿಕ ಸರ್ವರ್) ದೂರದ ವಿಳಾಸವನ್ನು ಮೊದಲ ಲೈನ್‌ಗೆ ಕಟ್ಟಿಹಾಕಿ, ಡಿಫಾಲ್ಟ್ ರೂಟ್ (ಬೇರೆ ದಾರಿ ಬರೆದಿರದ ಎಲ್ಲ ಪ್ಯಾಕೆಟ್‌ಗಳ ದಾರಿ) ಅದನ್ನೇ ನಂಬುವಂತೆ ಮಾಡುತ್ತಾರೆ. ಒಳ್ಳೆಯ ಉಪಾಯವೇ. ಆದರೆ ಕಂಪ್ಯೂಟರ್‌ಗಳ ಡಿಎನ್‌ಎಸ್ಸೂ (ವೆಬ್‌ಸೈಟ್ ಹೆಸರಿಗೆ ವಿಳಾಸ ಹೇಳುವ ಸರ್ವರ್) 8.8.8.8 ಆಗಿದ್ದರೆ, ಟ್ರಾಫಿಕ್ ಎರಡನೇ ಲೈನ್‌ಗೆ ಹೊರಳಿದ ಮೇಲೂ ಡಿಎನ್‌ಎಸ್ ಪ್ರಶ್ನೆಗಳು ಸತ್ತ ಲೈನ್‌ಗೇ ಹೋಗುತ್ತವೆ. ಪರೀಕ್ಷೆಗೆ ಬೇರೆ ಯಾರೂ ಬಳಸದ ವಿಳಾಸ ಇಡುವುದೇ ವಾಸಿ.